ಕೆಂಪು ಎರಡು, ಬಿಳಿ ಒಂದು

ಸಂಶಯ ಪಡುವುದು ಕೆಟ್ಟ ಗುಣ ಎಂದು ಎಲ್ಲರೂ ಹೇಳುತ್ತಾರೆ. ಹೀಗೆ ಎಲ್ಲರೂ ಸೇರಿ ಒಂದೇ ಮಾತು ಹೇಳುತ್ತಿರುವುದರಿಂದಲೇ ನನಗೆ ಆ ಮಾತಿನ ಮೇಲೆ ಸಂಶಯ. ಈ ಗುಣ ನನಗೆ ಅಪ್ಪನಿಂದ ಬಂದದ್ದು. ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ನಮ್ಮ ಓಣಿಗೆ ಬರುತ್ತದೆಂದು ಅಧಿಕಾರಿಗಳು ಹೇಳಿದಾಗ ಅಪ್ಪ ನಂಬಲಿಲ್ಲ. ಮುಳುಗಡೆಯವರಿಗೆಂದು ಕಟ್ಟಿದ ನವನಗರಕ್ಕೆ ಬಂದು ನೆಲೆಸಿದ ಮೇಲೂ ಮೂರು ಸಲ ಹೋಗಿ ನೀರು ನಿಜವಾಗಿಯೂ ಬಂದಿದೆಯೇ ಎಂದು ನೋಡಿ ಬಂದ. ಮೂರನೆಯ ಸಲ ಮೊಣಕಾಲಿನವರೆಗೆ ಧೋತರ ತೊಯ್ಯಿಸಿಕೊಂಡು ಬಂದವನು ಪಡಸಾಲೆಯಲ್ಲಿ ಕೂತು, "ಬಂದೈತಿ ಖರೆ. ಆದ್ರ ಎಷ್ಟ ದಿನಾ ನಿಂದರತೈತಿ ನೋಡೋಣು" ಎಂದ. ಅಂಥವನ ಮಗ ನಾನು. ಕಲ್ಲಂಗಡಿಯನ್ನು ಬಡಿದು ನೋಡಿ ಕೊಳ್ಳುತ್ತೇನೆ, ಬಾಳೆಹಣ್ಣನ್ನೂ ಬಡಿದು ನೋಡುತ್ತೇನೆ.

ಇಪ್ಪತ್ತೆರಡು ವರ್ಷಗಳಿಂದ ನಾನು ಇಳಕಲ್ಲಿನ ಒಂದು ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿದ್ದೇನೆ. ಯಾರ್ಡ್ ಮ್ಯಾನೇಜರು. ಕಲ್ಲು ಕೊಯ್ದು, ಹೊಳಪು ಕೊಟ್ಟ ಸ್ಲ್ಯಾಬುಗಳನ್ನು ಸರಿಯಾದ ಲಾರಿಗೆ ಏರಿಸಿ ಸರಿಯಾದ ಊರಿಗೆ ಕಳಿಸುವುದು ನನ್ನ ಕೆಲಸ. ದಿನಾ ಬೆಳಗ್ಗೆ ನವನಗರದಿಂದ ಹುನಗುಂದದ ಮೇಲೆ ಹಾದು ಇಳಕಲ್ಲಿಗೆ ಬಸ್ಸು, ಸಂಜೆ ತಿರುಗಿ ಅದೇ ದಾರಿ. ಕಳೆದ ವರ್ಷ ನಮ್ಮ ಮಾಲೀಕರು, ಅಂದರೆ ನಾವೆಲ್ಲ ಸಾಹುಕಾರರು ಎಂದು ಕರೆಯುವವರು, ತಮಗೆ ವಯಸ್ಸಾಯಿತೆಂದೂ ಎಲ್ಲವನ್ನೂ ನೋಡಿಕೊಳ್ಳಲು ಒಬ್ಬ ಜನರಲ್ ಮ್ಯಾನೇಜರನ್ನು ನೇಮಿಸುವುದಾಗಿಯೂ ಹೇಳಿದರು. ಆ ಖುರ್ಚಿ ಯಾರದೆಂಬುದರ ಬಗ್ಗೆ ಮಾತ್ರ ನನಗೆ ಸಂಶಯವೇ ಇರಲಿಲ್ಲ. ಜೀವನದಲ್ಲಿ ನಾನು ಸಂಶಯವಿಲ್ಲದೆ ಇದ್ದದ್ದು ಅದೊಂದೇ ಸಲ.

ಯಾಕೆಂದರೆ ನನ್ನ ಅರ್ಹತೆ ಸಾಮಾನ್ಯದ್ದಲ್ಲ. ಸಂಜೆ ಕಾರ್ಖಾನೆ ಮುಚ್ಚಿದ ಮೇಲೆ ಸಾಹುಕಾರರ ಕೋಣೆಯಲ್ಲಿ ಒಂದು ಬೈಠಕ್ ನಡೆಯುತ್ತದೆ. ಮಿರ್ಚಿ ಭಜಿ, ಚುರಮುರಿ, ಚಹಾ, ಸಾಹುಕಾರರ ಜೋಕು. ಇಪ್ಪತ್ತೆರಡು ವರ್ಷ ನಾನು ಆ ಬೈಠಕ್ ತಪ್ಪಿಸಿಲ್ಲ. ಅವರ ಬಳಿ ಇರುವುದು ಒಟ್ಟು ಒಂಬತ್ತು ಜೋಕುಗಳು. ಒಂಬತ್ತಕ್ಕೂ ಪ್ರತಿ ಸಲ ಹೊಸದಾಗಿ ನಗುವ ಕಲೆಯನ್ನು ಸಾಧಿಸಿದ್ದೇನೆ. ಮೆಣಸಿನಕಾಯಿಯಿಂದ ನನ್ನ ಹೊಟ್ಟೆ ಹಾಳಾಗಿದೆ. ಸಂಸ್ಥೆಗಾಗಿ ಜೀವ ಕೊಟ್ಟವರ ಕಥೆ ನೀವು ಕೇಳಿರಬಹುದು, ಜಠರ ಕೊಟ್ಟವನು ನಾನೊಬ್ಬನೇ.

ಖುರ್ಚಿ ಗಿರಿಜಾಗೆ ಹೋಯಿತು.

ಗಿರಿಜಾ ನಮ್ಮಲ್ಲಿ ಆರ್ಡರ್ ವಿಭಾಗದ ಮ್ಯಾನೇಜರು. ನನಗಿಂತ ಎಂಟು ವರ್ಷ ಕಿರಿಯಳು, ಹುನಗುಂದದವಳು, ನನ್ನ ಬಸ್ಸಿಗೇ ಅಲ್ಲಿ ಹತ್ತುತ್ತಾಳೆ. ಒಂದು ದಿನವೂ ಬೈಠಕ್ಕಿಗೆ ಬಂದವಳಲ್ಲ. ಸಂಜೆ ಐದೂವರೆಯಾಯಿತೆಂದರೆ ಬ್ಯಾಗು ಹೆಗಲಿಗೆ. ಒಂಬತ್ತರಲ್ಲಿ ಒಂದು ಜೋಕೂ ಅವಳಿಗೆ ಗೊತ್ತಿಲ್ಲ. ಇಂಥವಳು ಜನರಲ್ ಮ್ಯಾನೇಜರು ಆದಳೆಂದರೆ ಹಿಂದೆ ಏನೋ ಇರಲೇಬೇಕು. ಮೊದಲು, ಸಾಹುಕಾರರಿಗೆ ಸಂಬಂಧಿಯಿರಬೇಕು ಅಂದುಕೊಂಡೆ. ವಿಚಾರಿಸಿದರೆ ಅಂಥದ್ದೇನೂ ಇಲ್ಲ, ಉಲ್ಟಾ ಸಾಹುಕಾರರ ಹೆಂಡತಿಗೆ ನಾನೇ ದೂರದಿಂದ ಬೀಗ. ಆಮೇಲೆ ಯಾರೋ ದೊಡ್ಡವರಿಂದ ಹೇಳಿಸಿರಬೇಕು ಅಂದುಕೊಂಡೆ. ಯಾರಿಂದ ಎಂದು ತಿಳಿಯಲು ನಾನು ಹಿಡಿದದ್ದು ಮಹಬೂಬಸಾಬರನ್ನು. ಅವರು ಪಾಲಿಶ್ ವಿಭಾಗದ ಹಿರಿಯ ಮೇಸ್ತ್ರಿ. ಕಲ್ಲನ್ನು ಬೆರಳಿನಿಂದ ತಟ್ಟಿ ಒಳಗೆ ಬಿರುಕು ಎಲ್ಲಿದೆ ಎಂದು ಹೇಳುವವರು. ಮನುಷ್ಯರನ್ನಂತೂ ತಟ್ಟುವುದೂ ಬೇಕಿಲ್ಲ.

"ಮಹಬೂಬಸಾಬ್ರ, ಖರೆ ಹೇಳ್ರಿ. ಆ ಗಿರಿಜಾ ಮೇಡಮ್ಮಗ ಈ ಹುದ್ದೆ ಹೆಂಗ ಸಿಕ್ತು?"

"ಕೆಲಸಾ ಮಾಡಿ ಸಿಕ್ತ್ರಿ" ಎಂದರು ಅವರು, ಇದೇನು ಕೇಳುವ ಮಾತೇ ಎಂಬಂತೆ.

"ಅದಲ್ರೀ. ಹ್ವಾದ ವರ್ಷ ಬಣ್ಣ ಕೂಡಲಾರದ ಮಾಲು ಬಂದರಿಗೆ ಹೊಂಟಿದ್ದನ್ನ ತಡದರಲ್ಲ, ಅದೊಂದು ನಶೀಬು. ಅದನ್ನ ನೋಡಿ ಸಾಹುಕಾರ್ರು..."

"ಸಾಹೇಬ್ರ," ಮಹಬೂಬಸಾಬರು ಕೈಯಲ್ಲಿದ್ದ ಒದ್ದೆ ಬಟ್ಟೆ ಕೆಳಗಿಟ್ಟರು, "ಅದರ ಹಿಂದಿನ ವರ್ಷ ನೀವೂ ಒಂದು ಲಾರಿ ತಡದಿದ್ರಿ. ಅದು ಅನುಭವ ಅಂದ್ರಿ. ಅವರು ತಡದ್ರ ನಶೀಬಾತು? ಇನ್ನೊಂದು ಹೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ಮಗಾ ಹುಟ್ಟಿದ ದಿನಾ ನೀವು ಡ್ಯೂಟಿಗೆ ಬಂದು ಪೇಡೆ ಹಂಚಿದ್ರಿ. 'ಏನ್ ನಿಷ್ಠೆ, ಏನ್ ನಿಷ್ಠೆ' ಅಂದ್ರು ಎಲ್ಲಾರೂ. ಆ ಮೇಡಮ್ಮಗ ಮಗಳು ಹುಟ್ಟಿದಾಗ ರಜಾ ಹಾಕಿದ್ರು. 'ಇನ್ನ ಇವರಿಗೆ ಕೆಲಸದ ಮ್ಯಾಲೆ ಲಕ್ಷ್ಯ ಇರೂದಿಲ್ಲ' ಅಂದ್ರು. ಹಂಗ ಅಂದಾವರು ಯಾರು, ನೆನಪೈತೇನ್ರಿ?"

ನನಗೆ ನೆನಪಿತ್ತು. ಅಂದವನು ನಾನೇ. ಆದರೆ ಮೇಸ್ತ್ರಿ ಇಷ್ಟೊಂದು ಅವಳ ಪರ ಮಾತಾಡುತ್ತಿರುವುದು ಯಾಕೆ ಎಂಬ ಹೊಸ ಸಂಶಯ ಹುಟ್ಟಿದ್ದರಿಂದ ಎದ್ದು ಬಂದೆ.

ಆಮೇಲೆ ಕಣ್ಣಿಗೆ ಬಿದ್ದದ್ದು ಫೋನು. ಗಿರಿಜಾ ದಿನಕ್ಕೆ ಎರಡು ಸಲ ಫೋನು ಹಿಡಿದು ಬಾಗಿಲಾಚೆ ಹೋಗುತ್ತಿದ್ದಳು. ಬೆಳಗ್ಗೆ ಬಸ್ಸಿನಲ್ಲೂ ಒಂದು ಫೋನು. ದನಿ ತಗ್ಗಿಸಿ ಮಾತು. ನಾವು ಗಂಡಸರು ಕಾರ್ಖಾನೆಯಲ್ಲಿ ಫೋನು ಮಾಡಿದರೆ ಕಲ್ಲು ಕೊಯ್ಯುವ ಯಂತ್ರದ ಸದ್ದನ್ನೂ ಮೀರಿ ಕೂಗುತ್ತೇವೆ, ಕೇಳಿದವರೆಲ್ಲ ಇವನಿಗೆ ಬಹಳ ಕೆಲಸವಿದೆ ಎಂದುಕೊಳ್ಳುತ್ತಾರೆ. ಪಿಸುಮಾತು ಆಡುವವರಿಗೆ ಗುಟ್ಟಿರುತ್ತದೆ. ಆ ಗುಟ್ಟು ಹಿಡಿಯಬೇಕೆಂದು ಒಂದು ಸೋಮವಾರ ಬಸ್ಸಿನಲ್ಲಿ ಮುಂದಿನ ಸೀಟು ಬಿಟ್ಟು, ಹೆಂಗಸರ ಸೀಟುಗಳ ಹಿಂದೆಯೇ ಕೂತೆ. ಗಿರಿಜಾ ಹುನಗುಂದದಲ್ಲಿ ಹತ್ತಿ ನನ್ನ ಮುಂದೆಯೇ ಕುಳಿತಳು. ನಾನು ದಿನಪತ್ರಿಕೆಯನ್ನು ಮುಖಕ್ಕೆ ಹಿಡಿದೆ. ಬಸ್ಸು ಊರು ದಾಟುತ್ತಿದ್ದಂತೆ ಫೋನು ಬಂತು.

"ಕೆಂಪು ಎರಡು, ಬಿಳೇದು ಒಂದು" ಎಂದಳು ಗಿರಿಜಾ. ನನ್ನ ಕಿವಿ ನಿಮಿರಿತು. ಇಳಕಲ್ಲಿನ ಕೆಂಪು ಕಲ್ಲು ಎಂದರೆ ಹೊರದೇಶದವರೂ ಕೇಳಿ ತರಿಸುವಂಥದ್ದು. "ದೊಡ್ಡದನ್ನ ಅರ್ಧಾ ಕಟ್ ಮಾಡ್ರಿ. ಹೌದು... ಸಪ್ಪಳಿಲ್ಲದ ಕಳಸಿಬಿಡ್ರಿ. ಅವರಿಗೆ ಗೊತ್ತಾತಂದ್ರ ರಾಡಿ ಎಬ್ಬಸ್ತಾರ. ಹ್ವಾದ ವಾರ ನೋಡಿದ್ರೆಲ್ಲ, ಎಲ್ಲಾ ಹೊರಗ ಒಗದ್ರು."

ಎರಡು ಕೆಂಪು ಸ್ಲ್ಯಾಬು, ಒಂದು ಬಿಳಿ. ದೊಡ್ಡದನ್ನು ಕತ್ತರಿಸಿ ಗುರುತು ಸಿಗದ ಹಾಗೆ ಮಾಡಿ, ಸದ್ದಿಲ್ಲದೆ ಕಳಿಸುವುದು. ಸಾಹುಕಾರರಿಗೆ ಗೊತ್ತಾಗಬಾರದು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಸಂಶಯ ಮೊದಲ ಸಲ ನಿಜವಾಗಿತ್ತು! ಸಂತೋಷದಿಂದ ಕಣ್ಣು ತುಂಬಿ ಬಂತು. ನ್ಯಾಯಕ್ಕಾಗಿ ಬಂದ ಕಣ್ಣೀರು ಎಂದುಕೊಂಡೆ. ಇಳಕಲ್ಲಿನಲ್ಲಿ ಇಳಿದವನು ಎದುರು ಸಿಕ್ಕ ಯಾರಿಗೂ ನಮಸ್ಕಾರವನ್ನೂ ಮಾಡದೆ ನೆಟ್ಟಗೆ ಸಾಹುಕಾರರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಒಂದೆರಡು ಮಾತು ಸೇರಿಸಿಯೂ ಇರಬಹುದು.

ಸಾಹುಕಾರರ ಮುಖ ಅಷ್ಟು ಬಿಗಿಯಾದದ್ದನ್ನು ನಾನು ನೋಡಿರಲಿಲ್ಲ. "ಶಂಕ್ರಪ್ಪಾ, ಇದು ಖರೆ ಇದ್ರ ಆಕಿ ಇವತ್ತ ಮನಿಗಿ. ಸುಳ್ಳಿದ್ರ?" ಎಂದರು. "ಸುಳ್ಳಿದ್ರ ನಾ ಮನಿಗ್ರಿ" ಎಂದುಬಿಟ್ಟೆ. ಅಂದ ಮೇಲೆ ಆ ಮಾತು ಯಾಕೆ ಬೇಕಿತ್ತು ಎಂದು ಅನ್ನಿಸಿತು. ಅಷ್ಟರಲ್ಲಿ ಅವರು ಗಿರಿಜಾಳನ್ನು ಕರೆಸಿಯಾಗಿತ್ತು.

ಸಾಹುಕಾರರು ನಾನು ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದರು. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಗಿರಿಜಾ ಕೂಗಾಡುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದೆ. ಎರಡಕ್ಕೂ ಒಂದೊಂದು ಮಾತು ಸಿದ್ಧ ಮಾಡಿ ಇಟ್ಟುಕೊಂಡಿದ್ದೆ. ಅವಳು ಎರಡನ್ನೂ ಮಾಡಲಿಲ್ಲ. ಮುಖ ಮಾತ್ರ ಒಮ್ಮೆ ಕೆಂಪಾಯಿತು. ಆಮೇಲೆ ಫೋನು ತೆಗೆದು ನಂಬರು ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಆ ಕಡೆಯಿಂದ ಒಂದು ಗಂಡು ದನಿ, "ಹಾಂ, ಹೇಳು" ಎಂದಿತು.

"ರೀ, ಮುಂಜಾನಿ ಕೆಂಪು ಎರಡೂ ಹ್ವಾದುವೇನು?"

"ಒಂದು ಹೋತು. ಇನ್ನೊಂದು ಕಾಟಿನ ಕೆಳಗ ಸಿಕ್ತು" ಎಂದಿತು ದನಿ. "ಬಿಳೇದನ್ನ ನೀ ಹೇಳಿದಂಗ ಅರ್ಧಾ ಮಾಡಿ ಗಂಜಿ ಒಳಗ ಕಲಸಿದ್ದೆ. ಅವ್ವಗ ಗೊತ್ತಾತು. ಬಟ್ಟಲಾನ ಒಗದಬಿಟ್ಲು. 'ಸೊಸಿ ಹೇಳಿಕೊಟ್ಟಾಳೇನು' ಅಂತ ಕೇಳಾಕತ್ತಾಳ. ಏನ್ ಹೇಳಲಿ?"

"ಆಮ್ಯಾಲೆ ಮಾತಾಡ್ತೇನ್ರಿ. ಸಾಲಿಗೆ ಹೊತ್ತಾತು, ನೀವು ಹೋಗ್ರಿ" ಎಂದು ಗಿರಿಜಾ ಫೋನು ಇಟ್ಟಳು.

ಕಲಸುವುದು. ಕಳಿಸುವುದಲ್ಲ. ಬಸ್ಸಿನ ಗದ್ದಲದಲ್ಲಿ ಒಂದು ಅಕ್ಷರ ಕೆಟ್ಟಿತ್ತು. ಸಾಹುಕಾರರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಮೇಜು ಕುಲುಕಿತು. ಅವರು ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಅವರಿಗೆ ಹತ್ತನೆಯ ಜೋಕು ಸಿಕ್ಕಿತ್ತು. ಅದು ನಾನಾಗಿದ್ದೆ.

ಗಿರಿಜಾ ನಗಲಿಲ್ಲ. "ಶಂಕ್ರಣ್ಣಾರ, ನಮ್ಮ ಮನಿಯವರು ಸಾಲಿ ಮಾಸ್ತರ್ರು, ಭಾಳ ಛಲೋ ಮನುಷಾ" ಎಂದಳು. "ನಮ್ಮತ್ತಿಯವರಿಗೆ ಗುಳಿಗಿ ಕೊಡೋದು ಅವರ. ಆದ್ರ ಯಾವ್ದು, ಎಷ್ಟು, ಯಾವಾಗ ಅಂತ ನೆನಪ ಇಡಾಕಿ ನಾನ. ಅದಕ್ಕ ದಿನಾ ಫೋನು. ಹೊರಗ ಹೋಗಿ ಯಾಕ ಮಾತಾಡ್ತೇನಿ ಗೊತ್ತೈತೇನ್ರಿ? ಇಲ್ಲೆ ಮಾತಾಡಿದ್ರ 'ಮ್ಯಾನೇಜರ್ ಮೇಡಮ್ಮಗ ಮನೀದ ಚಿಂತಿ' ಅಂತೀರಿ. ಇರ್ಲಿ. ನಿಮ್ಮ ಅವ್ವಾರಿಗೂ ಬಿ.ಪಿ. ಐತಿ ಅಂತಿದ್ರಿ. ಅವರ ಗುಳಿಗಿ ಯಾವ ಬಣ್ಣದ್ದರೀ?"

ನಾನು ಬಾಯಿ ತೆರೆದೆ. ಅವ್ವ ಆರು ವರ್ಷದಿಂದ ಗುಳಿಗೆ ನುಂಗುತ್ತಿದ್ದಾಳೆ. ನಾನು ಇರುವುದು ಅದೇ ಮನೆಯಲ್ಲಿ. ಇಡೀ ದೇಶಕ್ಕೆ ಹೋಗುವ ಕಲ್ಲಿನ ಬಣ್ಣವನ್ನು ಕತ್ತಲೆಯಲ್ಲೂ ಹೇಳಬಲ್ಲ ನಾನು "ಬಿಳೇದು ಇರಬೇಕ್ರಿ" ಎಂದೆ. ಬಹಳ ಗುಳಿಗೆಗಳು ಬಿಳಿಯೇ ಇರುತ್ತವೆ ಎಂಬ ಧೈರ್ಯದಿಂದ. ನಗುತ್ತಿದ್ದ ಸಾಹುಕಾರರು ಒಮ್ಮೆಲೇ ನಗು ನಿಲ್ಲಿಸಿ ತಮ್ಮ ಅಂಗಿಯ ಜೇಬು ಮುಟ್ಟಿ ನೋಡಿಕೊಂಡರು. ಅವರ ಗುಳಿಗೆಯ ಬಣ್ಣವೂ ಅವರಿಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಮನೆಗೆ ಹೋಗುತ್ತೇನೆಂದು ನಾನೇ ಆಡಿದ ಮಾತು ಕೋಣೆಯ ನಡುವೆ ಬಿದ್ದಿತ್ತು. ಸಾಹುಕಾರರು ಗಿರಿಜಾಳ ಕಡೆ ನೋಡಿದರು. ಜನರಲ್ ಮ್ಯಾನೇಜರು ಅವಳು, ತೀರ್ಮಾನ ಅವಳದು. ಮಗನ ಕಾಲೇಜು ಇನ್ನೂ ಎರಡು ವರ್ಷವಿತ್ತು. ಗಿರಿಜಾ ಸ್ವಲ್ಪ ಹೊತ್ತು ಯೋಚಿಸಿದಳು. ನನಗೆ ಅದು ಒಂದು ಕಲ್ಲಿನ ಬ್ಲಾಕು ಕೊಯ್ಯುವಷ್ಟು ಹೊತ್ತು ಎನಿಸಿತು. "ಸಂಶಯ ಪಡೂದು ನಮ್ಮ ಧಂದೇಕ್ಕ ಬೇಕಾದ ಗುಣಾರಿ" ಎಂದಳು. "ಆದ್ರ ಮನಷ್ಯಾರ ಮ್ಯಾಲೆ ಬ್ಯಾಡ, ಕಲ್ಲಿನ ಮ್ಯಾಲೆ ಪಡ್ರಿ. ನಾಳಿಯಿಂದ ಹೊರಗ ಹೋಗೋ ಪ್ರತಿ ಸ್ಲ್ಯಾಬೂ ನೀವು ನೋಡಿ ಸಹಿ ಮಾಡಬೇಕು. ಬಿರುಕು ಇದ್ರ ನಿಮ್ಮ ಕಣ್ಣಿಗೆ ಬೀಳಲಾರದ ಇರೂದಿಲ್ಲ." ಇದು ಶಿಕ್ಷೆಯೋ ಬಡ್ತಿಯೋ ಎಂದು ಈಗಲೂ ನನಗೆ ಸಂಶಯವಿದೆ. ಆ ತಿಂಗಳು ಒಂದು ಸ್ಲ್ಯಾಬೂ ತಿರುಗಿ ಬರಲಿಲ್ಲ ಎಂಬುದಂತೂ ನಿಜ.

ಅಂದು ಸಂಜೆ ಬೈಠಕ್ಕಿಗೆ ಕೂರದೆ ಮನೆಗೆ ಬಂದೆ. ಹೆಂಡತಿ ಸುವರ್ಣಾ ಆಗತಾನೆ ಕೆಲಸದಿಂದ ಬಂದು ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಅವಳು ನವನಗರದ ಒಂದು ಖಾಸಗಿ ದವಾಖಾನೆಯಲ್ಲಿ ಹದಿನೆಂಟು ವರ್ಷದಿಂದ ನರ್ಸು. "ಅವ್ವನ ಬಿ.ಪಿ. ಗುಳಿಗಿ ಯಾವ ಬಣ್ಣದ್ದು?" ಎಂದು ಕೇಳಿದೆ. ಅವಳ ಕೈ ನಿಂತಿತು. ನನ್ನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು. ಹಿಟ್ಟು ನನ್ನ ಹಣೆಗೆ ಹತ್ತಿತು. "ಗುಲಾಬಿ. ಯಾಕ? ಆಫೀಸಿನ್ಯಾಗ ಏನರ ಮಾಡಿ ಬಂದೀರೇನು?" ಎಂದಳು. ಸಂಶಯ ಎಂಬುದು ಸಂಸಾರದಲ್ಲಿ ಅಂಟುಜಾಡ್ಯ.

ನಡೆದದ್ದನ್ನು ಅರ್ಧ ಹೇಳಿದೆ. ಉಳಿದರ್ಧ ಅವಳೇ ಊಹಿಸಿದಳು. ಆಮೇಲೆ ಏನೋ ಹೊಳೆದವನಂತೆ ಕೇಳಿದೆ, "ಸುವರ್ಣಾ, ಹದಿನೆಂಟು ವರ್ಷಾತು. ನಿನಗ ಹೆಡ್ ಸಿಸ್ಟರ್ ಆಗು ಅಂತ ದವಾಖಾನ್ಯಾಗ ಯಾರೂ ಎಂದೂ ಅನ್ಲಿಲ್ಲೇನು?" ಹೆಡ್ ಸಿಸ್ಟರ್ ಎಂದರೆ ಅಲ್ಲಿಯ ನರ್ಸುಗಳಿಗೆಲ್ಲ ಮ್ಯಾನೇಜರು.

ಸುವರ್ಣಾ ಹಿಟ್ಟಿಗೆ ಇನ್ನಷ್ಟು ನೀರು ಹಾಕಿದಳು. ಒಳಕೋಣೆಯಿಂದ ಅವ್ವನ ದನಿ ಬಂತು, "ಮೂರ ಸಲ ಅಂದಾರ!"

ಅವ್ವನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಸುವರ್ಣಾ ಹಿಟ್ಟು ನಾದುತ್ತಲೇ ಹೇಳಿದಳು. ಮೊದಲ ಸಲ ಕೇಳಿದಾಗ ನಾನು ಯಾರ್ಡ್ ಮ್ಯಾನೇಜರು ಆದ ಹೊಸತು, ಮನೆಗೆ ಬರುತ್ತಿದ್ದದ್ದು ಬೈಠಕ್ ಮುಗಿದ ಮೇಲೆ, ಮಗ ಸಣ್ಣವನು. ಎರಡನೆಯ ಸಲ ಅವ್ವ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ಮೂರನೆಯ ಸಲ ಕಳೆದ ವರ್ಷ. "ನೀವು ಜಿ.ಎಂ. ಆಗೂದೈತಿ ಅಂತ ಕುಣಿಯಾಕತ್ತಿದ್ರಿ. ಮನ್ಯಾಗ ಇಬ್ಬರೂ ದೊಡ್ಡ ಸಾಹೇಬ್ರು ಆದ್ರ ಚಾ ಮಾಡಾವ್ರು ಯಾರು ಅಂತ ಬ್ಯಾಡಂದೆ" ಎಂದಳು.

"ನನಗ ಒಂದ ಮಾತು ಹೇಳಬಾರದೇನು?"

"ಹೇಳಿದ್ದೆ. ನೀವು ಫೋನಿನ್ಯಾಗ ಸಾಹುಕಾರ್ರ ಜೋಕಿಗೆ ನಗಾಕತ್ತಿದ್ರಿ. ನಗೂದು ಮುಗಿಸಿ 'ಹೂಂ, ಛಲೋ ಆತು' ಅಂದ್ರಿ. ಯಾದು ಛಲೋ ಆತು ಅಂತ ನನಗ ತಿಳೀಲಿಲ್ಲ."

ಗಿರಿಜಾಳ ಹಿಂದೆ ಯಾರಿದ್ದಾರೆ ಎಂದು ತಿಂಗಳುಗಟ್ಟಲೆ ಹುಡುಕಿದ್ದೆ. ನನ್ನ ಹಿಂದೆ ಯಾರಿದ್ದಾರೆ ಎಂದು ಒಂದು ಸಲವೂ ತಿರುಗಿ ನೋಡಿರಲಿಲ್ಲ. ಇಪ್ಪತ್ತೆರಡು ವರ್ಷದ ನನ್ನ ನಿಷ್ಠೆಗೆ ಅಡಿಗೆ ಮಾಡಿಟ್ಟವಳು, ಮಗನ ಶಾಲೆಯ ಸಭೆಗೆ ಹೋದವಳು, ಗುಲಾಬಿ ಗುಳಿಗೆಯ ಲೆಕ್ಕವಿಟ್ಟವಳು ಇಲ್ಲೇ ಕೂತು ಹಿಟ್ಟು ನಾದುತ್ತಿದ್ದಳು. "ಇನ್ನೊಮ್ಮೆ ಕೇಳಿದ್ರ ಹೂಂ ಅನ್ನು" ಎಂದೆ. ಅವಳು ನನ್ನನ್ನು ನೋಡಿದ ನೋಟದಲ್ಲಿ ಕೃತಜ್ಞತೆ ಇರಲಿಲ್ಲ, ವಿಚಾರಣೆ ಇತ್ತು. "ಮದಲ ಒಂದ ತಿಂಗಳು ಅವ್ವಾರಿಗೆ ಗುಳಿಗಿ ನೀವು ಕೊಟ್ಟು ತೋರಸ್ರಿ. ಆಮ್ಯಾಲೆ ಮಾತಾಡೋಣು" ಎಂದಳು.

ಗುಳಿಗೆ ಕೊಡುವುದು ಸುಲಭ ಎಂದು ತಿಳಿದಿದ್ದೆ. ಆದರೆ ನನ್ನ ಅವ್ವ ನನ್ನ ಅಪ್ಪನ ಜೊತೆ ನಲವತ್ತು ವರ್ಷ ಬಾಳ್ವೆ ಮಾಡಿದವಳು. ಮೊದಲ ದಿನ ನಾನು ಗುಳಿಗೆ ಮತ್ತು ನೀರು ಹಿಡಿದು ನಿಂತಾಗ ಅವಳು ಗುಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಸುವರ್ಣಾ ಎಲ್ಲಿ?" "ಒಳಗದಾಳ." "ಆಕಿನ್ನ ಕರಿ. ನಿನ್ನ ಕೈಯಾಗಿಂದು ನಾ ನುಂಗಂಗಿಲ್ಲ." "ಯಾಕಬೇ? ನಾ ನಿನ್ನ ಮಗಾ ಅಲ್ಲೇನು?" "ಅದಕ್ಕ ಹೇಳಾಕತ್ತೇನಿ." ಒಂದು ವಾರ ಚೀಟಿ ಬರೆದು ಗೋಡೆಗೆ ಅಂಟಿಸಿ, ರಾತ್ರಿ ಎಂಟಕ್ಕೆ ತಪ್ಪದೆ ಮುಂದೆ ನಿಂತ ಮೇಲೆ ಅವಳು ಒಪ್ಪಿದಳು. ಅದಕ್ಕಾಗಿ ಬೈಠಕ್ ಬಿಡಬೇಕಾಯಿತು. ಐದೂವರೆಗೆ ಗಿರಿಜಾಳ ಹಿಂದೆಯೇ ನಾನೂ ಚೀಲ ಹೆಗಲಿಗೇರಿಸಿದೆ. ಹೊಟ್ಟೆಯುರಿ ಕಡಿಮೆಯಾಯಿತು. ಎರಡೂ ತರಹದ್ದು.

ಮೂರು ತಿಂಗಳ ಮೇಲೆ ದವಾಖಾನೆಯವರು ನಾಲ್ಕನೆಯ ಸಲ ಕೇಳಿದರು. ಸುವರ್ಣಾ ಹೂಂ ಅಂದಳು. ಹೊಸ ಹುದ್ದೆಯ ಮೊದಲ ದಿನ ಅವಳು ಸಂಜೆ ತಡವಾಗಿ ಬಂದು, ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತು, ಮೂವತ್ತು ನರ್ಸುಗಳ ಪಾಳಿಯನ್ನು ಹೇಗೆ ಹೊಂದಿಸಿದೆ ಎಂದು ಹೇಳತೊಡಗಿದಳು. ಮದುವೆಯಾದ ಮೇಲೆ ಅವಳು ಅಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಫೋನು ಬಂತು, ತೆಗೆಯಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಸುಧಾರಿಸಿದ ಮನುಷ್ಯನೆಂದು ಹೇಳಿಕೊಂಡು ಸುಖವಾಗಿ ಇರಬಹುದಿತ್ತು. ಆದರೆ ಕಳೆದ ತಿಂಗಳು ಸಾಹುಕಾರರು ಬಾದಾಮಿಯಲ್ಲಿ ಹೊಸ ಮಾರಾಟ ಶಾಖೆ ತೆರೆಯಲು ನಿರ್ಧರಿಸಿದರು. ಅದಕ್ಕೊಬ್ಬ ಸ್ವತಂತ್ರ ಮುಖ್ಯಸ್ಥ ಬೇಕು. ಬಾದಾಮಿ ನವನಗರದಿಂದ ದೂರವೇನಲ್ಲ. ಈ ಸಲವಾದರೂ ಎಂದು ಆಸೆಯಾಯಿತು. ಒಂದು ಸಂಜೆ ಸಾಹುಕಾರರು ಕರೆಸಿದರು. ಗಿರಿಜಾಳೂ ಅಲ್ಲಿ ಕುಳಿತು ಕಾಗದ ನೋಡುತ್ತಿದ್ದಳು.

"ಬಾ ಶಂಕ್ರಪ್ಪಾ. ಬಾದಾಮಿ ಶಾಖೆಕ್ಕ ನಿನ್ನ ಹೆಸರ ಮದಲ ಬಂದಿತ್ತು ನೋಡಪಾ" ಎಂದರು ಸಾಹುಕಾರರು ಬಹಳ ಅಕ್ಕರೆಯಿಂದ. "ಆದ್ರ ನಾನ ಬ್ಯಾಡಂದೆ. ಯಾಕಂದ್ರ ನಿಮ್ಮ ಮನಿಯಾಕಿ ಈಗ ದೊಡ್ಡ ಹುದ್ದೇದಾಗ ಅದಾಳ. ಮನ್ಯಾಗ ವಯಸ್ಸಾದ ತಾಯಿ. ಸಂಜಿಮುಂದ ನೀನೂ ಲಗೂನ ಹೊಂಡತಿ. ಇಂಥಾದ್ದರಾಗ ನಿನಗ ಮತ್ತ ತ್ರಾಸ ಯಾಕ ಅಂತ, ನಿನ್ನ ಕೈಕೆಳಗಿನ ಈರಣ್ಣಗ ಕೊಟ್ಟಬಿಟ್ಟೆ. ನಿನ್ನ ಚಿಂತಿ ನಮಗ ಇರೂದಿಲ್ಲೇನು?"

ಗಿರಿಜಾ ಕಾಗದದಿಂದ ತಲೆ ಎತ್ತಲಿಲ್ಲ. ಆದರೆ ಬರೆಯುತ್ತಿದ್ದ ಪೆನ್ನು ನಿಂತಿತು. ನಾನು ಏನು ಹೇಳುತ್ತೇನೆಂದು ಅವಳು ಕಾಯುತ್ತಿದ್ದಳೆಂದು ನನಗೆ ಬಲವಾದ ಸಂಶಯ. ಇದೇ ಮಾತನ್ನು, ಇಷ್ಟೇ ಅಕ್ಕರೆಯಿಂದ, ಅವಳಿಗೆ ಎಷ್ಟು ಸಲ ಹೇಳಿದ್ದರೋ! ನನಗೆ ಹೇಳಲು ಬಹಳ ಇತ್ತು. ನನ್ನನ್ನು ಒಂದು ಮಾತು ಕೇಳದೆ ನನ್ನ ತ್ರಾಸು ಎಷ್ಟೆಂದು ಅಳೆಯಲು ನೀವು ಯಾರು ಎಂದು ಕೇಳಬೇಕಿತ್ತು. ಕೇಳಲೆಂದು ಖುರ್ಚಿಯಲ್ಲಿ ಮುಂದಕ್ಕೆ ಸರಿದೆ. ಗೋಡೆಯ ಗಡಿಯಾರ ನೋಡಿದೆ. ಐದೂವರೆ. ಬಾಗಲಕೋಟೆಯ ಬಸ್ಸಿಗೆ ಹೊರಡುವ ಹೊತ್ತು.

"ಬಸ್ಸಿಗೆ ಹೊತ್ತಾತ್ರಿ" ಎಂದು ಎದ್ದುಬಂದೆ.

ಬಸ್ಸಿನಲ್ಲಿ ಕುಳಿತು ಉತ್ತರ ಜೋಡಿಸತೊಡಗಿದೆ. ಹುನಗುಂದ ದಾಟುವ ಹೊತ್ತಿಗೆ ಅದು ಪೂರ್ತಿಯಾಯಿತು. ಖಡಕ್ ಉತ್ತರ, ವಿನಯವೂ ಇತ್ತು, ಪೆಟ್ಟೂ ಇತ್ತು. ಕೊನೆಯ ವಾಕ್ಯವಂತೂ ಎಷ್ಟು ಚೆನ್ನಾಗಿ ಬಂತೆಂದರೆ ತಡೆಯಲಾರದೆ ಗಟ್ಟಿಯಾಗಿ ಅಂದೇಬಿಟ್ಟೆ: "ನನ್ನ ಮನೀ ಕಾಳಜಿ ನಾ ಮಾಡ್ತೇನ್ರಿ, ನೀವು ನನ್ನ ಕೆಲಸಾ ನೋಡ್ರಿ!" ಪಕ್ಕದ ಸೀಟಿನಲ್ಲಿದ್ದ ಹಿರಿಯರು ಬೆಚ್ಚಿಬಿದ್ದರು. ತೊಡೆಯ ಮೇಲಿದ್ದ ಚೀಲವನ್ನು ಮೆಲ್ಲಗೆ ಕಿಟಕಿಯ ಕಡೆ ಸರಿಸಿಕೊಂಡು, ಅದರ ಬಾಯಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು, ಬಾಗಲಕೋಟೆ ಬರುವವರೆಗೂ ನನ್ನನ್ನು ಓರೆಗಣ್ಣಿನಿಂದ ನೋಡುತ್ತಲೇ ಇದ್ದರು.